ಚಳಿಗಾಲದಲ್ಲಿ ಕೆರೆಯ ಕಾಟ್ಲಾ, ಗೆಂಡೆಗೆ ಬೆಂಡಿನ ಗಾಳ: ಆಳ ಎಷ್ಟು ಇಡಬೇಕು?

ಕುಣಿಗಲ್_ಹುಡುಗ

ಎಲ್ಲರಿಗೂ ನಮಸ್ಕಾರ. ಕುಣಿಗಲ್ ತಾಲ್ಲೂಕಿನ ನಮ್ಮೂರ ಕೆರೆ ಈ ಸಲ ಕೋಡಿ ಬಿದ್ದಿತ್ತು. ಈಗ ನೀರು ಒಂದಿಷ್ಟು ಇಳಿದಿದೆ. ಮಳೆಗಾಲದ ಕೆಂಪು ಹೋಗಿ ಹಸಿರಾಗಿದೆ. ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪನ ಜೊತೆ ಒಂದಿಡೀ ದಿನ ಗಾಳ ಹಾಕಿಕೊಂಡು ಕೂರಬೇಕು ಅಂತಿದೀನಿ. ಅಪ್ಪನಿಗೆ ಮಂಡಿ ನೋವು, ಗದ್ದೆ ಕಡೆಗೂ ಜಾಸ್ತಿ ಹೋಗಲ್ಲ. ಆದ್ರೆ ಗಾಳ ಅಂದ್ರೆ ಈಗಲೂ ಎದ್ದು ಕೂರ್ತಾರೆ. ಅವರು ಹಿಡಿದಿದ್ದೆಲ್ಲ ಬಿದಿರು ಕಡ್ಡಿ, ಎರೆಹುಳದಲ್ಲಿ ಸಸ್ಲಿ, ಜಿಲೇಬಿ (ತಿಲಾಪಿಯಾ) ಥರದ ಸಣ್ಣ ಮೀನು ಅಷ್ಟೇ. ಒಂದು ಕಾಟ್ಲಾನೋ ದೊಡ್ಡ ಗೆಂಡೆನೋ ಅವರ ಕೈಯಲ್ಲೇ ಬರಬೇಕು ಅಂತ ನನಗೆ ಆಸೆ.

ನನ್ನ ಹತ್ತಿರ 12 ಅಡಿ ಟೆಲಿಸ್ಕೋಪಿಕ್ ರಾಡ್ ಎರಡಿದೆ, 3000 ಸೈಜಿನ ರೀಲು, 0.30 ಮಿ.ಮೀ. ತಂಗೂಸಿ (ನೈಲಾನ್ ದಾರ), 6ನೇ ನಂಬರ್ ಗಾಳ. ನೀರ ಮೇಲೆ ತೇಲೋ ಬೆಂಡು ಅಂಗಡಿಯಲ್ಲಿ ಸಿಗುತ್ತಲ್ಲ, ಅರ್ಧ ಕೆಂಪು ಅರ್ಧ ಬಿಳಿ, ನಿಂಬೆಹಣ್ಣಿನಷ್ಟಿರೋ ಪ್ಲಾಸ್ಟಿಕ್ ಗುಂಡು, ಅದು.

ದೀಪಾವಳಿಗೆ ಹೋಗಿದ್ದಾಗ ಏರಿ ಮೇಲಿಂದ ಮೈದಾ ಹಿಟ್ಟು ಕಟ್ಟಿ ಹಾಕಿದ್ದೆ, ಬೆಂಡಿನಿಂದ ಮೂರಡಿ ಕೆಳಗೆ ಗಾಳ. ಬೆಳಗ್ಗೆಯಿಂದ ಬೆಂಡು ಪುಟಪುಟ ಅಂತ ನಡುಗ್ತಾನೇ ಇತ್ತು. ಎಳೆದು ನೋಡಿದ್ರೆ ಹಿಟ್ಟು ಮಾಯ. ಮಧ್ಯಾಹ್ನ ಕೆರೆ ನಡುವೆ ದೊಡ್ಡ ಮೀನು ಹೊರಳೋದು ಕಣ್ಣಿಗೆ ಕಾಣ್ತಿತ್ತು, ನಮ್ಮ ಕಡೆ ಒಂದೂ ಬರಲಿಲ್ಲ.

ಹಾಗಾಗಿ ಕೇಳ್ತಿದೀನಿ: ಗಾಳ ಎಷ್ಟು ಆಳಕ್ಕೆ ಬಿಡಬೇಕು? ಯಾವ ಹಿಟ್ಟು? ಜನವರಿ ಚಳಿಯಲ್ಲಿ ಯಾವ ಹೊತ್ತು ಒಳ್ಳೇದು? ಊರ ಕೆರೆಗೆ ಪರ್ಮಿಷನ್ ಬೇಕಾ?

ಏರಿಮೇಲಿನವರು

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ ನೋಡಿ. ಬೆಂಡಿನಿಂದ ಮೂರಡಿ ಕೆಳಗೆ ಗಾಳ ಅಂದಿರಿ. ಆ ಜಾಗದಲ್ಲಿ ನೀರು ಎಷ್ಟಡಿ ಇತ್ತು ಅಂತ ಬರೆದಿಲ್ಲ. ಬೆಂಡಿನ ಗಾಳದಲ್ಲಿ ಹಿಟ್ಟು, ರಾಡು, ರೀಲು ಎಲ್ಲ ಆಮೇಲೆ. ಮೊದಲು ಆಳ ಗೊತ್ತಿರಬೇಕು. ನಾನು ತಿಪಟೂರು ಸೀಮೆಯವನು. ನಮ್ಮ ಕಡೆ ಕೆರೆಗಳೂ ನಿಮ್ಮ ಕೆರೆಯಂಥವೇ. ನನಗೆ ತಿಳಿದಿದ್ದನ್ನ ಸ್ವಲ್ಪ ಉದ್ದವಾಗೇ ಹೇಳ್ತೀನಿ.

ಕಾಟ್ಲಾದ ಬಾಯಿ ಗಮನಿಸಿದೀರಾ? ಕೆಳದವಡೆ ಮುಂದಕ್ಕೆ ಚಾಚಿ ಬಾಯಿ ಮೇಲಕ್ಕೆ ತೆರೆದುಕೊಂಡಿರುತ್ತೆ. ಅದು ಮೇಲ್ನೀರಿನ ಮೀನು. ನೀರಿನಲ್ಲಿ ತೇಲೋ ಸಣ್ಣ ಸಣ್ಣ ಜೀವಿಗಳನ್ನ ಸೋಸಿಕೊಂಡು ತಿನ್ನುತ್ತೆ. ರೋಹು ನಡುನೀರಿನದು, ತುಟಿ ಅಂಚು ಜಾಲರಿ ಕಟ್ಟಿದ ಹಾಗಿರುತ್ತೆ. ಮೃಗಾಲ್ ತಳದ್ದು. ಸಾಮಾನ್ಯ ಗೆಂಡೆ, ಅಂದ್ರೆ ಕಾಮನ್ ಕಾರ್ಪ್, ಅದೂ ತಳದ್ದೇ. ಬಾಯಿಯ ಪಕ್ಕ ಎರಡು ಜೊತೆ ಮೀಸೆ ಇರುತ್ತೆ, ಅದರಲ್ಲಿ ತಡವಿ, ಮೂತಿ ಚಾಚಿ ಕೆಸರಿನ ಸಮೇತ ಹೀರಿಕೊಂಡು, ಬೇಡದ್ದನ್ನ ಉಗುಳುತ್ತೆ. ಕೆರೆಗೆ ಇವನ್ನೆಲ್ಲ ಬೆರೆಸಿ ಬಿಡೋದೇ ಅದಕ್ಕೆ. ಒಂದರ ಊಟಕ್ಕೆ ಇನ್ನೊಂದು ಅಡ್ಡ ಬರಲ್ಲ. ಹಾಗಿದ್ದ ಮೇಲೆ ಎಂಟಡಿ ನೀರಿನಲ್ಲಿ ಮೂರಡಿಗೆ ನಿಂತ ಹಿಟ್ಟು ಗೆಂಡೆಗೂ ಇಲ್ಲ, ಮೃಗಾಲಿಗೂ ಇಲ್ಲ. ದಡದ ಹತ್ತಿರ ಆ ಮಟ್ಟದಲ್ಲಿ ಓಡಾಡೋದು ಜಿಲೇಬಿ. ನಿಮ್ಮ ಮೈದಾನೆಲ್ಲ ತಿಂದಿದ್ದು ಅದೇ.

ಆಳ ಅಳೆಯೋದು ಸುಲಭ. ಗಾಳಕ್ಕೆ ಒಂದು ಸಣ್ಣ ಕಬ್ಬಿಣದ ನಟ್ಟು ಸಿಕ್ಕಿಸಿ ಎಸೀರಿ. ಬೆಂಡು ಪೂರ್ತಿ ಮುಳುಗಿತು ಅಂದ್ರೆ ನೀವಿಟ್ಟ ಅಳತೆಗಿಂತ ನೀರು ಆಳ ಇದೆ, ಬೆಂಡು ಮೇಲಕ್ಕೆ ಸರಿಸಿ. ಬೆಂಡು ಅಡ್ಡ ಮಲಗಿತು ಅಂದ್ರೆ ನೀರು ಕಮ್ಮಿ, ಬೆಂಡು ಕೆಳಕ್ಕೆ ಸರಿಸಿ. ತುದಿ ಮಾತ್ರ ಮೇಲೆ ಕಂಡರೆ ಅದೇ ಸರಿಯಾದ ಆಳ. ಒಂದೇ ಕಡೆ ಅಳೆದು ಬಿಡಬೇಡಿ. ಎಡಕ್ಕೆ, ಬಲಕ್ಕೆ, ಇನ್ನೂ ನಾಲ್ಕು ಮಾರು ಮುಂದಕ್ಕೆ, ಎಲ್ಲ ಕಡೆ ಎಸೆದು ನೋಡಿ. ಅರ್ಧ ಗಂಟೆ ಹೋದರೂ ಚಿಂತೆ ಇಲ್ಲ. ಐದಡಿ ಇದ್ದಿದ್ದು ಒಂದು ಕಡೆ ಏಕಾಏಕಿ ಒಂಬತ್ತಡಿ ಆಗುತ್ತೆ, ಅಲ್ಲಿ ಹಳೇ ಹಳ್ಳದ ಹಾದಿ ಇರುತ್ತೆ, ಇಲ್ಲಾಂದ್ರೆ ಬೇಸಿಗೆಯಲ್ಲಿ ಜೆಸಿಬಿಯಲ್ಲಿ ಹೂಳೆತ್ತಿದ ಗುಂಡಿ. ಆ ಅಂಚೇ ನಿಮಗೆ ಬೇಕಾದ ಜಾಗ. ಮೀನು ಆಳದಲ್ಲಿ ತಂಗಿ, ಮೇವಿಗೆ ಅಂಚಿಗೆ ಏರುತ್ತೆ.

ಇಲ್ಲೇ ಒಂದು ಎಚ್ಚರಿಕೆ. ಆ ಗುಂಡಿಗಳು ಜನರನ್ನ ನುಂಗಿವೆ. ಮೊಣಕಾಲುದ್ದ ನೀರು ಅಂತ ಇನ್ನೊಂದು ಹೆಜ್ಜೆ ಇಟ್ಟರೆ ತಲೆ ಮೇಲೆ ನೀರು, ಕಾಲಿಗೆ ಸಿಗೋದು ಬರೀ ಜಾರೋ ಕೆಸರು. ಗಾಳ ಸಿಕ್ಕಿಕೊಂಡರೆ ದಾರ ತುಂಡಾಗಲಿ, ನೀರಿಗೆ ಮಾತ್ರ ಇಳೀಬೇಡಿ. ತೂಬಿನ ಬಾಯಿ ಹತ್ತಿರ ಆಳ ಇರುತ್ತೆ, ಮೀನೂ ಇರುತ್ತೆ. ಆದರೆ ತೂಬು ಎತ್ತಿದಾಗ ಅಲ್ಲಿನ ಸೆಳೆತ ಮೇಲೆ ಕಾಣೋದೇ ಇಲ್ಲ. ಅಪ್ಪನಿಗೆ ಮಂಡಿ ನೋವು ಅಂದಿರಿ, ಏರಿಯ ಇಳಿಜಾರಿನ ಕಲ್ಲು ಅವರಿಗೆ ಬೇಡವೇ ಬೇಡ, ಪಾಚಿ ಕಟ್ಟಿರುತ್ತೆ. ಏರಿ ಮುಗಿದು ಮಣ್ಣಿನ ದಡ ಶುರುವಾಗೋ ಮೂಲೆಯಲ್ಲಿ ಒಂದು ಕುರ್ಚಿ ಹಾಕಿಕೊಡಿ.

ಇನ್ನು ಬೆಂಡು. ಆ ಗುಂಡು ಪ್ಲಾಸ್ಟಿಕ್ ಬೆಂಡನ್ನ ಮಕ್ಕಳಿಗೆ ಕೊಟ್ಟುಬಿಡಿ. ಗೆಂಡೆ ಹಿಟ್ಟನ್ನ ಕಚ್ಚಿ ಓಡೋ ಮೀನಲ್ಲ, ಹೀರಿ ನೋಡಿ ಉಗುಳೋ ಮೀನು. ಅಷ್ಟು ದಪ್ಪ ಗುಂಡನ್ನ ಮುಳುಗಿಸೋಕೆ ಎಷ್ಟು ಬಲ ಬೇಕು ಯೋಚಿಸಿ. ಆ ಭಾರ ತಿಳಿದ ತಕ್ಷಣ ಉಗುಳಿಬಿಡುತ್ತೆ, ಮೇಲೆ ಕೂತ ನಿಮಗೆ ಏನೂ ಗೊತ್ತಾಗಲ್ಲ. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಬೆಂಡು ಸಿಗುತ್ತಲ್ಲ, ಅಪ್ಪನನ್ನ ಕೇಳಿ, ಅವರಿಗೆ ಗೊತ್ತಿರುತ್ತೆ. ಪೆನ್ಸಿಲ್ ದಪ್ಪ, ಆರಿಂಚು ಉದ್ದ ಕತ್ತರಿಸಿ. ನೀರು ಕುಡಿಯದ ಹಾಗೆ ಎರಡು ಸಲ ಉಗುರಿನ ಬಣ್ಣ ಬಳಿದು ಒಣಗಿಸಿ, ತುದಿಗೆ ಮಾತ್ರ ಕೆಂಪು. ಸೈಕಲ್ಲಿನ ವಾಲ್‌ಟ್ಯೂಬ್ ಸಣ್ಣ ತುಂಡು ಮಾಡಿ, ಮೇಲೊಂದು ಕೆಳಗೊಂದು ಹಾಕಿ ದಾರಕ್ಕೆ ಕೂರಿಸಿ. ಬಿಗಿಯಾಗಿ ಕೂರುತ್ತೆ, ಬೇಕಾದಾಗ ಸರಿಯುತ್ತೆ. ಆಮೇಲೆ ಸೀಸದ ಗುಂಡು ಒಂದೊಂದೇ ಸೇರಿಸ್ತಾ ಹೋಗಿ, ಬೆಂಡಿನ ತುದಿ ಉಗುರಿನಷ್ಟು ಮಾತ್ರ ನೀರ ಮೇಲೆ ಉಳಿಯೋವರೆಗೆ. ಇದನ್ನ ಮನೆಯಲ್ಲೇ ಬಕೆಟ್ ನೀರಿನಲ್ಲಿ ಮಾಡಿಕೊಂಡು ಹೋಗಿ.

ತಳದ ಮೀನಿಗೆ ಹಾಕುವಾಗ ಕೊನೆಯ ಸೀಸ ಗಾಳದಿಂದ ನಾಲ್ಕೈದು ಇಂಚು ಮೇಲಿರಲಿ. ಹಿಟ್ಟು ನೆಲಕ್ಕೆ ತಾಗಿ ಕೂತಿರಲಿ, ಸೀಸ ತೂಗ್ತಿರಲಿ. ಗೆಂಡೆ ತಲೆ ತಗ್ಗಿಸಿ ಹಿಟ್ಟು ಹೀರಿ, ತಲೆ ಎತ್ತಿದಾಗ ಸೀಸವೂ ಜೊತೆಗೇ ಮೇಲೇಳುತ್ತೆ. ಭಾರ ಕಳೆದುಕೊಂಡ ಬೆಂಡು ಮುಳುಗೋ ಬದಲು ಮೇಲಕ್ಕೆ ಏಳುತ್ತೆ. ಒಂದಿಂಚು ಎದ್ದು ವಾಲಿತು ಅಂದ್ರೆ ಅದು ದೊಡ್ಡ ಮೀನು. ಆಗಲೇ ಎಳೀಬೇಕು. ಮುಳುಗಲಿ ಅಂತ ಕಾಯ್ತಾ ಕೂತರೆ ಉಗುಳಿ ಹೋಗಿರುತ್ತೆ. ಕಾಟ್ಲಾ ಹಾಗಲ್ಲ. ಬೆಂಡು ನಿಧಾನಕ್ಕೆ ಒಂದು ಪಕ್ಕಕ್ಕೆ ನಡೆಯೋಕೆ ಶುರುಮಾಡಿ ಓರೆಯಾಗಿ ಒಳಗೆ ಹೋಗುತ್ತೆ. ಪುಟಪುಟ ನಡುಕ ಎಲ್ಲ ಜಿಲೇಬಿ, ಅದಕ್ಕೆ ಕೈ ಎತ್ತಬೇಡಿ. ಎಳೆದಷ್ಟೂ ಶಬ್ದ ಆಗಿ ಬೇಕಾದ ಮೀನು ದೂರ ಹೋಗುತ್ತೆ.

ಹಿಟ್ಟಿನ ವಿಷಯ ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ನನ್ನದು ಹೀಗೆ. ಮೀನನ್ನ ಕರೆಯೋಕೆ ನೀರಿಗೆ ಎಸೆಯೋ ಮೇವಿಗೆ ಬೇರೆ, ಗಾಳಕ್ಕೆ ಬೇರೆ. ಮೇವಿಗೆ ಕಡಲೆಕಾಯಿ ಹಿಂಡಿ ರಾತ್ರಿಯೇ ನೆನೆಸಿಟ್ಟು, ಬೆಳಗ್ಗೆ ಹುರಿದ ಅಕ್ಕಿ ತೌಡು, ಅದೇ ಕೆರೆಯ ಜೇಡಿಮಣ್ಣು ಸೇರಿಸಿ ಉಂಡೆ ಕಟ್ಟಬೇಕು. ಮಣ್ಣು ಯಾಕೆ ಅಂದ್ರೆ ಉಂಡೆ ತಳ ಮುಟ್ಟಿದ ಮೇಲೆ ಒಡೆಯಬೇಕು, ದಾರಿಯಲ್ಲೇ ಕರಗಬಾರದು. ಶುರುವಿಗೆ ಕಿತ್ತಳೆ ಗಾತ್ರದ್ದು ಮೂರು ಉಂಡೆ, ಆಮೇಲೆ ಇಪ್ಪತ್ತು ನಿಮಿಷಕ್ಕೊಂದು ನಿಂಬೆ ಗಾತ್ರದ್ದು, ಎಲ್ಲ ಅಳೆದು ಗುರುತು ಮಾಡಿದ ಒಂದೇ ಜಾಗಕ್ಕೆ. ಬಕೆಟ್ ಪೂರ್ತಿ ಒಂದೇ ಸಲ ಸುರಿಯಬೇಡಿ, ಹೊಟ್ಟೆ ತುಂಬಿದ ಮೀನು ಗಾಳ ಮುಟ್ಟಲ್ಲ. ಚಳಿಯಲ್ಲಂತೂ ಅದರ ಹಸಿವೇ ಅರ್ಧ.

ಗಾಳಕ್ಕೆ ಬರೀ ಮೈದಾ ನಿಲ್ಲಲ್ಲ. ಎರಡು ಪಾಲು ಗೋಧಿ ಹಿಟ್ಟು, ಒಂದು ಪಾಲು ರಾಗಿ ಹಿಟ್ಟು, ಹುರಿದ ಮೆಂತ್ಯದ ಪುಡಿ ಒಂದು ಚಮಚ, ಚೂರು ಬೆಲ್ಲ. ಗಟ್ಟಿ ಕಲಸಿ ಉಂಡೆ ಮಾಡಿ, ಕುದಿಯೋ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ. ಆರಿದ ಮೇಲೆ ಒಂದು ಚಿಟಿಕೆ ಹತ್ತಿ ಎಳೆ ಬಿಡಿಸಿ ಹಾಕಿ ಚೆನ್ನಾಗಿ ನಾದಿ. ಆ ಎಳೆ ಹಿಟ್ಟನ್ನ ಹಿಡಿದಿಡುತ್ತೆ, ಜಿಲೇಬಿ ಕುಟುಕಿದರೂ ಬೇಗ ಬಿಚ್ಚಿಕೊಳ್ಳಲ್ಲ. ಕಾವೇರಿ ಹೊಳೆ ಕಡೆಯವರು ಬಿಳಿಮೀನಿಗೆ (ಮಹಶೀರ್) ರಾಗಿ ಮುದ್ದೆ ಹಾಕಿದ ಹಾಗೆ ಕೆರೆ ಗೆಂಡೆಗೂ ರಾಗಿ ವಾಸನೆ ಹಿಡಿಸುತ್ತೆ.

ಪರ್ಮಿಷನ್ ಬಗ್ಗೆ ಕೇಳಿದ್ದು ನನಗೆ ತುಂಬ ಸಂತೋಷ ಆಯ್ತು, ಯಾಕಂದ್ರೆ ಕೇಳೋರೇ ಕಮ್ಮಿ. ಊರ ಕೆರೆ ಅಂದ ಮಾತ್ರಕ್ಕೆ ಮೀನು ಊರಿನದಲ್ಲ. ಮೀನು ಪಾಶುವಾರು ಹಕ್ಕನ್ನ, ಅಂದ್ರೆ ಕೆರೆಯ ಮೀನು ಹಿಡಿಯೋ ಹಕ್ಕನ್ನ, ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯಿತಿಯೋ ಮೀನುಗಾರರ ಸಹಕಾರ ಸಂಘಕ್ಕೋ ಟೆಂಡರ್ ಹಿಡಿದವರಿಗೋ ಗುತ್ತಿಗೆ ಕೊಟ್ಟಿರುತ್ತೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕಾಟ್ಲಾ, ರೋಹು, ಮೃಗಾಲ್ ನಮ್ಮ ಕೆರೆಗಳ ಹುಟ್ಟುಮೀನಲ್ಲ, ಗಂಗಾ ಬಯಲಿನ ಕಡೆಯಿಂದ ಬಂದವು. ನಿಂತ ನೀರಿನಲ್ಲಿ ಅವು ಮೊಟ್ಟೆ ಇಡೋದಿಲ್ಲ, ಮಳೆಗಾಲದ ಹರಿಯೋ ಹೊಳೆ ಬೇಕು. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುನ್ಹಿ ಅವರು ಮೀನಿಗೆ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಕೊಳದಲ್ಲೇ ಮರಿ ಮಾಡಿಸಿ ತೋರಿಸಿದ ಮೇಲೆ ತಾನೇ ದೇಶದ ಕೆರೆಗಳಿಗೆಲ್ಲ ಮರಿ ಸಿಗೋ ಹಾಗಾಗಿದ್ದು. ಜುಲೈ 10ನ್ನು ಮೀನು ಕೃಷಿಕರ ದಿನ ಅಂತ ಆಚರಿಸೋದೂ ಅದಕ್ಕೇ. ಅಂದ್ರೆ ನಿಮ್ಮೂರ ಕೆರೆಯಲ್ಲಿ ಹೊರಳ್ತಿದ್ದ ಪ್ರತಿ ಕಾಟ್ಲಾನೂ ಯಾರೋ ದುಡ್ಡು ಕೊಟ್ಟು ತಂದು ಬಿಟ್ಟ ಮರಿ. ಅದು ದೊಡ್ಡದಾಗಲಿ ಅಂತ ಒಂದು ಹತ್ತು ಮನೆ ಕಾಯ್ತಿರುತ್ತೆ. ಮೊದಲೇ ಹೋಗಿ ಕೇಳಿ. ಗಾಳಕ್ಕೆ ಸಾಮಾನ್ಯವಾಗಿ ಬೇಡ ಅನ್ನಲ್ಲ. ಒಂದು ಮೀನಿಗೆ ಇಷ್ಟು ಅಂತ ದುಡ್ಡು ಹೇಳಿದರೆ ಚೌಕಾಸಿ ಮಾಡದೆ ಕೊಡಿ.

ಸಾಮಾನ್ಯ ಗೆಂಡೆ ಮಾತ್ರ ಕೆರೆಯಲ್ಲೇ ಮರಿ ಮಾಡುತ್ತೆ, ಜೊಂಡಿಗೆ ಮೊಟ್ಟೆ ಅಂಟಿಸುತ್ತೆ. ನಿಮ್ಮಲ್ಲಿ ಅದು ಖಂಡಿತ ಇರುತ್ತೆ.

ಹೊಳೆಸಾಲು

ಮೇಷ್ಟ್ರು ಪುಸ್ತಕಾನೇ ಬರೆದಿದ್ದಾರೆ, ಒಳ್ಳೇದಾಯ್ತು. ಆದ್ರೆ ನನ್ನ ಲೆಕ್ಕ ಬೇರೆ. ಗೆಂಡೆಗೆ ಬೆಂಡು ಯಾಕೆ? ತಳಕ್ಕೆ ಸೀಸ ಬಿಟ್ಟು, ರಾಡ್ ತುದಿಗೆ ಗೆಜ್ಜೆ ಕಟ್ಟಿ, ಕವೆಗೋಲಿಗೆ ಆನಿಸಿ ಕೂತ್ಕೊಳ್ಳಿ. ಗೆಜ್ಜೆ ಘಲ್ ಅಂದಾಗ ಎಳೀರಿ. ಹಿಟ್ಟಿನ ಜೊತೆ ಎರೆಹುಳಾನೂ ಒಂದು ಸಿಕ್ಕಿಸಿ. ಮತ್ತೆ ಐದು ಗಂಟೆಗೆಲ್ಲ ಕೆರೆ ಮೇಲಿರಬೇಕು. ಬಿಸಿಲು ಬಂದ್ಮೇಲೆ ಹೋದ್ರೆ ಮೀನು ಎಲ್ಲಿ ಬರುತ್ತೆ?

ಏರಿಮೇಲಿನವರು

ಹೊಳೆಸಾಲು ಅವರೇ, ಹರಿಯೋ ನೀರಿಗೆ ನೀವು ಹೇಳಿದ್ದೇ ಸರಿ, ಅಲ್ಲಿ ಬೆಂಡು ನಿಲ್ಲಲ್ಲ. ಕೆರೆಯಲ್ಲಿ ಗೆಜ್ಜೆ ಅಲ್ಲಾಡೋ ಹೊತ್ತಿಗೆ ಗೆಂಡೆ ಎಷ್ಟೋ ಸಲ ಹೀರಿ ಉಗುಳಿ ಮುಗಿಸಿರುತ್ತೆ. ಅದನ್ನ ತೋರಿಸೋದು ಬೆಂಡೊಂದೇ. ಕಾಟ್ಲಾ ಅಂತೂ ತಳಕ್ಕೆ ಇಳಿದು ನಿಮ್ಮ ಸೀಸದ ಹತ್ತಿರ ಬರೋದು ಅಪರೂಪ. ಎರೆಹುಳ ಹಾಕಿದರೆ ಜಿಲೇಬಿ ಇನ್ನೂ ಮುತ್ತುತ್ತೆ.

ಹೊತ್ತಿನ ಬಗ್ಗೆ ಮಾತ್ರ ನಾನು ಒಪ್ಪಲ್ಲ, ಅದೂ ಜನವರಿಯಲ್ಲಿ. ಕುಣಿಗಲ್ ಹುಡುಗರು ನೀರು ಹಸಿರಾಗಿದೆ ಅಂತ ಬರೆದಿದ್ದಾರೆ. ಹಸಿರು ಅಂದ್ರೆ ಪಾಚಿ. ಹಗಲು ಬಿಸಿಲಿನಲ್ಲಿ ಅದು ನೀರಿಗೆ ಆಮ್ಲಜನಕ ಬಿಡುತ್ತೆ. ರಾತ್ರಿ ಅದೇ ಪಾಚಿ, ಮೀನು, ಕೆಸರು ಎಲ್ಲ ಸೇರಿ ಅದನ್ನ ತಿಂದು ಖಾಲಿ ಮಾಡುತ್ತೆ. ಸೂರ್ಯ ಹುಟ್ಟೋ ಮುಂಚೆ ಅತೀ ಕಮ್ಮಿ. ಆಗ ಮೀನು ಮೇಲೆ ಬಂದು ಬಾಯಿ ಬಿಡೋದನ್ನ ನೀವೂ ನೋಡಿರ್ತೀರಿ. ಅದು ಮೇಯ್ತಿರೋದಲ್ಲ, ಉಸಿರಿಗೆ ಒದ್ದಾಡ್ತಿರೋದು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿರಬೇಕು, ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕ ಕುಸಿದು. ನಮ್ಮ ಹಳ್ಳಿ ಕೆರೆಯಲ್ಲಿ ಅಷ್ಟಾಗಲ್ಲ, ಆದರೆ ಉಸಿರು ಕಟ್ಟಿದ ಮೀನು ಹಿಟ್ಟು ತಿನ್ನೋಕೆ ಬರಲ್ಲ. ಮೇಲೆ ಚಳಿ ಬೇರೆ. ತಣ್ಣಗಿನ ನೀರಿನಲ್ಲಿ ಇವುಗಳ ಮೈ ನಿಧಾನ. ಬೇಸಿಗೆಯಲ್ಲಿ ಮುಂಜಾನೆ, ಇಳಿಸಂಜೆ ಸರಿ. ಸಂಕ್ರಾಂತಿಗೆ ಒಂಬತ್ತಕ್ಕೆ ಹೋಗಿ ಆಳ ಅಳೆದು ಮೇವು ಹಾಕಿ. ಹತ್ತೂವರೆಯಿಂದ ಸಂಜೆ ನಾಲ್ಕರವರೆಗೆ ಕಣ್ಣು ಬೆಂಡಿನ ಮೇಲಿರಲಿ. ವಯಸ್ಸಾದವರನ್ನ ಐದು ಗಂಟೆ ಮಂಜಿನಲ್ಲಿ ಕೂರಿಸೋದೂ ಬೇಡ.

ಟ್ರೆಂಟ್_ದಂಡೆ_ಕನ್ನಡಿಗ

ನಮಸ್ಕಾರ, ನಾನು ಹಾಸನದವನು. ಈಗ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದೀನಿ. ಇಲ್ಲಿ ವಾರಾಂತ್ಯಕ್ಕೆ ಸಣ್ಣ ಕೆರೆಗಳಲ್ಲಿ ಬೆಂಡಿನ ಗಾಳ ಹಾಕ್ತೀನಿ. ಇಲ್ಲಿರೋದು ನಮ್ಮ ಸಾಮಾನ್ಯ ಗೆಂಡೆಯೇ, ಕಾಟ್ಲಾ ರೋಹು ಇಲ್ಲ. ಏರಿಮೇಲಿನವರು ಹೇಳಿದ್ದು, ಬೆಂಡು ಮೇಲೇಳೋ ಕಚ್ಚು, ಇಲ್ಲೂ ಹಾಗೇ. ಒಂದೆರಡು ಮಾತು ನನ್ನಿಂದಲೂ ಸೇರಲಿ.

ಗಾಳಿ ಬಗ್ಗೆ ಯಾರೂ ಹೇಳಲಿಲ್ಲ. ಜನವರಿಯಲ್ಲಿ ನಮ್ಮ ಬಯಲುಸೀಮೆಯಲ್ಲಿ ಹನ್ನೊಂದಾದ ಮೇಲೆ ಮೂಡಣ ಗಾಳಿ ಏಳುತ್ತಲ್ಲ, ಬೆಂಡನ್ನ ಎರಡೂ ಕಡೆ ಕಟ್ಟಿದ್ರೆ ಅದು ದಾರವನ್ನ ತಳ್ಳಿಕೊಂಡು ಹೋಗಿ ಹಿಟ್ಟನ್ನ ಜಾಗದಿಂದ ಎಳೆಯುತ್ತೆ. ಗಾಳಿ ಶುರುವಾದ ತಕ್ಷಣ ಮೇಲಿನ ವಾಲ್‌ಟ್ಯೂಬ್ ತೆಗೆದು ಬೆಂಡಿನ ಬುಡದಲ್ಲಿ ಮಾತ್ರ ಕಟ್ಟಿ. ಇಲ್ಲಿ ಇದಕ್ಕೆ ವ್ಯಾಗ್ಲರ್ ಅಂತಾರೆ. ಸೀಸದ ಹೆಚ್ಚು ಪಾಲು ಬೆಂಡಿನ ಬುಡದ ಹತ್ತಿರವೇ ಇರಲಿ, ಕೆಳಗೆ ಒಂದೆರಡು ಸಣ್ಣದು ಸಾಕು. ಬೇಕಾದ ಜಾಗಕ್ಕಿಂತ ಸ್ವಲ್ಪ ಆಚೆ ಎಸೆದು, ರಾಡಿನ ತುದಿಯನ್ನ ನೀರೊಳಗೆ ಅದ್ದಿ, ರೀಲನ್ನ ನಾಲ್ಕು ಸುತ್ತು ಬೇಗ ಸುತ್ತಿ. ದಾರ ಪೂರ್ತಿ ನೀರೊಳಗೆ ಹೋಗುತ್ತೆ, ಗಾಳಿಗೆ ಸಿಗಲ್ಲ. ದಾರಕ್ಕೆ ಎಣ್ಣೆ ಜಿಡ್ಡು ಇದ್ದರೆ ತೇಲುತ್ತೆ, ಚೂರು ಸೋಪು ಹಾಕಿದ ಬಟ್ಟೆಯಲ್ಲಿ ಒರೆಸಿಕೊಳ್ಳಿ.

0.30 ದಾರವೇ ಗಾಳದವರೆಗೂ ಕಟ್ಟಬೇಡಿ. ಕೊನೆಯ ಒಂದಡಿ 0.22 ಅಥವಾ 0.25 ಇರಲಿ. ಮುಳ್ಳಿಗೋ ಕಲ್ಲಿಗೋ ಸಿಕ್ಕಿಕೊಂಡ್ರೆ ಅಲ್ಲಿಗೇ ತುಂಡಾಗುತ್ತೆ. ಬೆಂಡೂ ಉಳಿಯುತ್ತೆ, ಮೀನು ದಾರ ಕಿತ್ಕೊಂಡು ಹೋದ್ರೂ ಬೆಂಡು, ಸೀಸ ಎಲ್ಲ ಎಳ್ಕೊಂಡು ಒದ್ದಾಡಲ್ಲ.

ಜಿಲೇಬಿ ಕಾಟಕ್ಕೆ ಡಬ್ಬಿಯ ಸ್ವೀಟ್ ಕಾರ್ನ್ ಒಂದು ಸಲ ನೋಡಿ, ಎರಡು ಕಾಳು ಗಾಳಕ್ಕೆ. ಇಲ್ಲಿ ಗೆಂಡೆಗೆ ಅದು ಬಹಳ ಹಳೇ ಮೇವು. ಊರಲ್ಲಿ ಡಬ್ಬಿ ಸಿಗದಿದ್ರೆ ಜೋಳ, ಕಾಬೂಲ್ ಕಡಲೆ ಆಗುತ್ತೆ, ಆದ್ರೆ ರಾತ್ರಿಯಿಡೀ ನೆನೆಸಿ ಮೆತ್ತಗೆ ಬೇಯಿಸಲೇಬೇಕು. ಹಸಿ ಕಾಳು ಹಾಕಿದ್ರೆ ಮೀನಿನ ಹೊಟ್ಟೆಯಲ್ಲಿ ಊದಿಕೊಳ್ಳುತ್ತೆ. ಇಲ್ಲಿನ ಅನೇಕ ಕೆರೆಗಳಲ್ಲಿ ಬೇಯಿಸದ ಕಾಳು, ಬೀಜ ಹಾಕೋ ಹಾಗೇ ಇಲ್ಲ.

ಇಲ್ಲಿ 13 ವರ್ಷ ತುಂಬಿದವರು ಯಾರೇ ರಾಡ್ ಹಿಡಿದ್ರೂ ಸರ್ಕಾರದ ರಾಡ್ ಲೈಸೆನ್ಸ್ ಬೇಕು, ಅದರ ಮೇಲೆ ಕೆರೆಯವರ ಟಿಕೆಟ್ ಬೇರೆ. ಹೊಳೆಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಗೆಂಡೆ ಜಾತಿಗೆ ಗಾಳ ಹಾಕೋದೇ ನಿಷಿದ್ಧ, ಅದು ಮೊಟ್ಟೆ ಇಡೋ ಕಾಲ. ನಾನು ಹೋಗೋ ಕೆರೆಗಳಲ್ಲಿ ಹಿಡಿದ ಗೆಂಡೆನ ಮನೆಗೆ ತರೋ ಹಾಗಿಲ್ಲ, ವಾಪಸ್ ಬಿಡಲೇಬೇಕು. ನೀವು ತಿನ್ನೋಕೆ ಇಟ್ಕೊಳ್ಳಿ, ಅದು ನಮ್ಮೂರ ಪದ್ಧತಿ. ಆದ್ರೆ ಬೇಡದ್ದನ್ನ, ಸಣ್ಣದ್ದನ್ನ ಬಿಡುವಾಗ ಅದು ಬದುಕೋ ಹಾಗೆ ಬಿಡಿ. ಕೈ ಒದ್ದೆ ಮಾಡಿಕೊಂಡು ಹಿಡೀರಿ, ಒಣ ಕೈಗೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತೆ, ಆಮೇಲೆ ಗಾಯ ಆಗಿ ಸಾಯುತ್ತೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಇಡಬೇಡಿ, ಗೋಣಿಚೀಲ ನೆನೆಸಿ ಹಾಸ್ಕೊಳ್ಳಿ. ಗಾಳದ ತುದಿ ಪಕ್ಕದ ಹಿಂಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ರೆ ಬಿಡಿಸೋದು ಸಲೀಸು. ದಾರ ಬಿಗಿಯಾಗಿದ್ರೆ ಮೀನು ತಪ್ಪಿಸಿಕೊಳ್ಳಲ್ಲ.

ಕುಣಿಗಲ್_ಹುಡುಗ

ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ಬಿಡಿಸಿ ಹೇಳ್ತೀರಿ ಅಂತ ಅಂದುಕೊಂಡಿರಲಿಲ್ಲ. ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಜೋಳದ ದಂಟಿನ ವಿಷಯ ಬಂದ ತಕ್ಷಣ "ಅದನ್ನ ನನಗೇ ಬಿಡು" ಅಂದ್ರು. ನಮ್ಮಲ್ಲಿ ಈಗ ಜೋಳ ಹಾಕೋರು ಕಮ್ಮಿ, ಎಲ್ಲೋ ಹುಡುಕಿ ತಂದು ಈಗಾಗಲೇ ನಾಲ್ಕು ಬೆಂಡು ಮಾಡಿ ಅಟ್ಟದ ಮೇಲೆ ಒಣಗಿಸಿದಾರಂತೆ.

ಸಂಘದ ಕಾರ್ಯದರ್ಶಿ ಹತ್ತಿರನೂ ಮಾತಾಡಿದೆ. ಎರಡು ರಾಡಿಗೆ ಒಪ್ಪಿದ್ದಾರೆ. ಅರ್ಧ ಕೆಜಿ ಒಳಗಿನದು ವಾಪಸ್ ಬಿಡಬೇಕು, ಮೇಲಿನದಕ್ಕೆ ಕೆರೆ ದರದಲ್ಲಿ ದುಡ್ಡು ಕೊಡಬೇಕು ಅಂದ್ರು. ಹೋದ ವರ್ಷ ಬಿಟ್ಟ ಮರಿ ಈಗ ಒಂದು ಕೆಜಿ ಆಸುಪಾಸು ಇದೆ, ಹಳೇ ಕಾಟ್ಲಾ ನಾಲ್ಕೈದು ಕೆಜಿದೂ ಇರಬಹುದು ಅಂದ್ರು.

ಇನ್ನು ಕೆಲವು ಪ್ರಶ್ನೆ. ಎರಡು ರಾಡ್ ಇದೆ, ಅಪ್ಪನ ಕೈಗೆ ಯಾವುದು ಕೊಡ್ಲಿ, ತಳದ್ದಾ ಕಾಟ್ಲಾದ್ದಾ? ನಾಲ್ಕೈದು ಕೆಜಿ ಬಂದ್ರೆ ಈ ದಾರ ತಡೆಯುತ್ತಾ? ಗುಂಡಿ ಹತ್ತಿರ 11-12 ಅಡಿ ಆಳ ಇದ್ರೆ ಬೆಂಡು ರಾಡ್ ತುದಿಗೇ ಬಂದು ತಾಗುತ್ತಲ್ಲ, ಎಸೆಯೋದು ಹೇಗೆ? ಮತ್ತೆ ಅಮ್ಮನ ಒಂದು ಮಾತು: ಕೆರೆ ಮೀನು ತಂದ್ರೆ ಮಣ್ಣಿನ ವಾಸನೆ ಬರುತ್ತೆ, ನಾನು ಮಾಡಲ್ಲ ಅಂತಿದಾರೆ.

ಏರಿಮೇಲಿನವರು

ಸಂಘದವರನ್ನ ಕಂಡಿದ್ದು ಒಳ್ಳೇ ಕೆಲಸ.

ಅಪ್ಪನಿಗೆ ತಳದ ರಾಡ್ ಕೊಡಿ. ಚಳಿಗಾಲದಲ್ಲಿ ಮೊದಲು ಬಾಯಿ ಹಾಕೋದು ಗೆಂಡೆ, ಮೃಗಾಲ್. ಕಾಟ್ಲಾಗೆ ನೀರಿನ ಮೇಲ್ಪದರ ಬಿಸಿಯಾಗಬೇಕು. ಮೇವು ಹಾಕಿದ ಜಾಗದಲ್ಲಿ ಸಣ್ಣ ಸಣ್ಣ ಗುಳ್ಳೆ ಗೊಂಚಲಾಗಿ ಏಳೋಕೆ ಶುರುವಾದರೆ ಗೆಂಡೆ ಬಂದು ಕೆಸರು ಕೆದಕ್ತಿದೆ ಅಂತ ಅರ್ಥ. ಆಗ ಮಾತು, ಓಡಾಟ ಕಮ್ಮಿ ಮಾಡಿ. ದಡದಲ್ಲಿ ಕಾಲು ಕುಟ್ಟಿದರೆ ಅದಕ್ಕೆ ಗೊತ್ತಾಗುತ್ತೆ. ನಿಮ್ಮ ರಾಡನ್ನ ಹನ್ನೊಂದಾದ ಮೇಲೆ ಎರಡು ಮೂರಡಿಗೆ ಇಟ್ಟು, ಗಾಳಿ ಯಾವ ದಡಕ್ಕೆ ಬೀಸ್ತಿದೆಯೋ ಆ ಕಡೆಗೆ ಹಾಕಿ. ನೀರ ಮೇಲಿನ ಜೀವಿಗಳನ್ನ ಗಾಳಿ ಅಲ್ಲಿಗೇ ತಳ್ಳಿರುತ್ತೆ, ಕಾಟ್ಲಾ ಹಿಂದೆಯೇ ಬರುತ್ತೆ. ಅದರ ಮೇವಿಗೆ ಮಣ್ಣು ಸೇರಿಸಬೇಡಿ. ತೌಡನ್ನ ಒದ್ದೆ ಮಾಡಿ ಸಡಿಲವಾಗಿ ಎಸೀರಿ, ಮೋಡದ ಥರ ಹರಡಲಿ.

ದಾರ ತಡೆಯುತ್ತೆ, ರೀಲಿನ ಬಿಗಿ ಸರಿ ಇದ್ದರೆ. ಮನೆಯಲ್ಲೇ ರಾಡ್ ಎತ್ತಿ ಹಿಡಿದು ಯಾರಾದರೂ ದಾರ ಎಳೆಯಲಿ, ರಾಡ್ ಚೆನ್ನಾಗಿ ಬಾಗಿದ ಮೇಲೆ ರೀಲು ಕರ್ರ್ ಅಂತ ದಾರ ಬಿಡಬೇಕು. ಅಷ್ಟಕ್ಕೆ ಇಡಿ. ಮೀನು ಓಡುವಾಗ ರೀಲು ಸುತ್ತಲೇಬೇಡಿ, ಅದು ನಿಂತಾಗ ರಾಡ್ ಎತ್ತಿ, ಇಳಿಸ್ತಾ ಸುತ್ತಿಕೊಳ್ಳಿ. ಜೊಂಡಿನ ಕಡೆಗೆ ನುಗ್ಗಿದರೆ ರಾಡನ್ನ ಅಡ್ಡಕ್ಕೆ ಮಲಗಿಸಿ ಎದುರು ದಿಕ್ಕಿಗೆ ಎಳೀರಿ. ಕಾಟ್ಲಾ ತುಟಿ ಮೆತ್ತಗೆ, ಅವಸರ ಮಾಡಿದರೆ ಹರಿದುಕೊಂಡು ಹೋಗುತ್ತೆ. ದಾರ ಹಿಡಿದು ಮೀನನ್ನ ಎತ್ತಲೇಬೇಡಿ. ಕೈಬಲೆ ಬೇಕೇ ಬೇಕು. ಬಲೆಯನ್ನ ಮೊದಲೇ ನೀರೊಳಗೆ ಮುಳುಗಿಸಿ ಹಿಡಿದಿರಿ, ಮೀನನ್ನ ಅದರ ಮೇಲಕ್ಕೆ ತನ್ನಿ. ಮೀನಿನ ಹಿಂದೆ ಬಲೆ ಓಡಿಸಿದರೆ ಹೆದರಿ ಮತ್ತೊಂದು ಓಟ ಕೀಳುತ್ತೆ. ಅಪ್ಪನ ಮೀನಿಗೆ ನೀವು ಬಲೆ ಹಿಡೀರಿ, ಅವರು ಬಗ್ಗೋದು ಬೇಡ.

ಆಳಕ್ಕೆ ಜಾರುಬೆಂಡು ಮಾಡಿಕೊಳ್ಳಿ. ಬೆಂಡಿನ ಬುಡಕ್ಕೆ ಒಂದು ಸಣ್ಣ ತಂತಿ ಉಂಗುರ ಕಟ್ಟಿ, ದಾರ ಅದರೊಳಗೆ ಸಲೀಸಾಗಿ ಓಡಲಿ. ಬೇಕಾದ ಆಳದ ಅಳತೆಗೆ ತಂಗೂಸಿ ಮೇಲೆ ಹೊಲಿಗೆ ದಾರದಲ್ಲಿ ಬಿಗಿಯಾಗಿ ಒಂದು ಗಂಟು ಹಾಕಿ, ಅದರ ಕೆಳಗೆ ಒಂದು ಸಣ್ಣ ಮಣಿ ಪೋಣಿಸಿ. ಎಸೆಯುವಾಗ ಬೆಂಡು ಸೀಸದ ಹತ್ತಿರ ಇಳಿದಿರುತ್ತೆ, ಗಂಟು ರಾಡಿನ ಉಂಗುರಗಳಲ್ಲಿ ಹಾದು ರೀಲಿಗೆ ಸುತ್ತಿಕೊಳ್ಳುತ್ತೆ. ನೀರಿಗೆ ಬಿದ್ದ ಮೇಲೆ ಸೀಸ ದಾರ ಎಳ್ಕೊಂಡು ಇಳಿಯುತ್ತೆ, ಗಂಟು ಬಂದು ಮಣಿಗೆ ತಡೆದಾಗ ಬೆಂಡು ನೆಟ್ಟಗಾಗುತ್ತೆ. ಇದಕ್ಕೆ ಸೀಸ ಸ್ವಲ್ಪ ಜಾಸ್ತಿ ಬೇಕು, ಹಾಗಾಗಿ ನಾಲ್ಕು ಬೆಂಡಿನಲ್ಲಿ ಒಂದನ್ನ ದಪ್ಪಗೆ ಮಾಡೋಕೆ ಅಪ್ಪನಿಗೆ ಹೇಳಿ.

ಅಮ್ಮ ಹೇಳಿದ್ದು ನಿಜ. ಪಾಚಿ, ಕೆಸರಿನಲ್ಲಿರೋ ಸೂಕ್ಷ್ಮಜೀವಿಗಳಿಂದ ಆ ವಾಸನೆ ಮೀನಿನ ಕೊಬ್ಬಿಗೆ, ಚರ್ಮಕ್ಕೆ ಸೇರುತ್ತೆ. ತಳದ ಮೀನಿನಲ್ಲಿ ಜಾಸ್ತಿ. ಹಿಡಿದ ತಕ್ಷಣ ಕಿವಿರು, ಕರುಳು ತೆಗೆದು, ಹೊಟ್ಟೆಯೊಳಗಿನ ಕಪ್ಪು ಪೊರೆ ಉಜ್ಜಿ ತೆಗೀರಿ. ಮನೆಗೆ ತಂದ ಮೇಲೆ ಕಲ್ಲುಪ್ಪು, ಅರಿಶಿನ ಹಾಕಿ ತಿಕ್ಕಿ ತೊಳೆದು, ಹುಣಸೆ ನೀರಿನಲ್ಲೋ ಹುಳಿ ಮಜ್ಜಿಗೆಯಲ್ಲೋ ಅರ್ಧ ಗಂಟೆ ಇಟ್ಟು ಮತ್ತೆ ತೊಳೀರಿ. ಹುಳಿಗೆ ಆ ವಾಸನೆ ಬಹಳಷ್ಟು ಹೋಗುತ್ತೆ. ಮೃಗಾಲ್, ರೋಹುದಲ್ಲಿ ಸಣ್ಣ ಮುಳ್ಳು ಜಾಸ್ತಿ, ಹುರಿಯೋದಾದರೆ ಅಡ್ಡಡ್ಡ ಒತ್ತೊತ್ತಾಗಿ ಗೀರು ಹಾಕಿ ಹುರಿದರೆ ಮುಳ್ಳು ಗರಿಗರಿಯಾಗಿ ತಿನ್ನೋಕೆ ಬರುತ್ತೆ. ಕಾಟ್ಲಾ ಸಿಕ್ಕಿದರೆ ತಲೆ ಬಿಸಾಕಬೇಡಿ ಅಂತ ಅಮ್ಮನಿಗೆ ಹೇಳಿ, ಮೀನಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತೂಕ ತಲೆಯದ್ದೇ, ಸಾರಿಗೆ ಅದೇ ಒಳ್ಳೇದು.